ಲೆಕ್ಕ ಕೇಳಿದವರು, ಲೆಕ್ಕ ಕೊಟ್ಟವರು: ದೊಡ್ಮನೆ ರಾಮಕೃಷ್ಣ ಹೆಗಡೆ

ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಸಂದರ್ಭದಲ್ಲಿ ಹೊರತರುತ್ತಿರುವ ಸ್ಮರಣ ಸಂಚಿಕೆಯಲ್ಲಿ ಒಬ್ಬ ಹಿರಿಯರ ಜೀವನ ಚರಿತ್ರೆ ಇರಲೇಬೇಕು ಎಂಬುದು ನಮ್ಮೆಲ್ಲರ ಅಭಿಪ್ರಾಯವಾಗಿತ್ತು. ಸಹಕಾರಿ ಸಂಘದ ಸಂಚಿಕೆ ಅಂದಮೇಲೆ ಸಹಕಾರಿ ಧುರೀಣರೊಬ್ಬರ ಬಗ್ಗೆ ಬರೆಯುವುದು ವಾಡಿಕೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಮೊದಲ ಪತ್ತಿನ ಸಂಘ ಕಟ್ಟಿದ ಸಿದ್ದನಗೌಡ ಪಾಟೀಲರನ್ನೋ, ನಮ್ಮದೇ ಭಾಗದ ಕಡವೆ ಶ್ರೀಪಾದ ಹೆಗಡೆಯವರನ್ನೋ ನೆನೆಯಬಹುದಿತ್ತು. ಅವರನ್ನು ನೆನೆಯುವ ಲೇಖನಗಳು ಈ ಸೀಮೆಯ ಸಂಘಗಳ ಸಂಚಿಕೆಗಳಲ್ಲಿ ಸಾಕಷ್ಟು ಬಂದಿವೆ, ಇನ್ನೂ ಬರುತ್ತವೆ.

ನಾವು ಆರಿಸಿಕೊಂಡದ್ದು ಸಿದ್ದಾಪುರ ತಾಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆಯವರನ್ನು. ಮುಖ್ಯಮಂತ್ರಿಯಾಗಿದ್ದವರು ಎಂಬ ಒಂದೇ ಕಾರಣಕ್ಕೆ ಅಲ್ಲ. ಸಾರ್ವಜನಿಕ ಹಣದ ಲೆಕ್ಕ ಬರೆಯುವ ಕುರ್ಚಿಯಲ್ಲೂ ಅವರು ಕೂತಿದ್ದರು, ಆ ಲೆಕ್ಕವನ್ನು ಕೇಳುವ ವಿರೋಧ ಪಕ್ಷದ ಕುರ್ಚಿಯಲ್ಲೂ ಕೂತಿದ್ದರು, ಕೊನೆಗೆ ತಮ್ಮ ಮೇಲೇ ಪ್ರಶ್ನೆ ಬಂದಾಗ ಉತ್ತರ ಕೊಡಬೇಕಾದ ಜಾಗದಲ್ಲೂ ನಿಂತರು. ಸಹಕಾರಿ ಸಂಘದ ಸದಸ್ಯನಿಗೂ, ಆಡಳಿತ ಮಂಡಳಿಗೂ, ಕಾರ್ಯದರ್ಶಿಗೂ ಈ ಮೂರೂ ಜಾಗಗಳು ಗೊತ್ತಿರಬೇಕು. ಅದಕ್ಕೇ ಈ ಬರಹ.

ಕರ ಕೊಡದ ನೆಲದಲ್ಲಿ ಹುಟ್ಟು

ಹೆಗಡೆಯವರು ಹುಟ್ಟಿದ್ದು 1926ರ ಆಗಸ್ಟ್ 29ರಂದು. ತಂದೆ ಮಹಾಬಲೇಶ್ವರ ಹೆಗಡೆ, ತಾಯಿ ಸರಸ್ವತಿ. ಅಡಿಕೆ ತೋಟದ ಮನೆ. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು.

ಅವರು ಇನ್ನೂ ಮಗುವಾಗಿದ್ದ 1930ರ ದಶಕದ ಮೊದಲ ವರ್ಷಗಳಲ್ಲಿ ಸಿದ್ದಾಪುರ ಮತ್ತು ಅಂಕೋಲಾ ತಾಲೂಕುಗಳಲ್ಲಿ ಕರನಿರಾಕರಣೆ ಚಳವಳಿ ನಡೆಯಿತು. ಜನ ಸರ್ಕಾರಕ್ಕೆ ಕಂದಾಯ ಕಟ್ಟುವುದಿಲ್ಲ ಎಂದು ನಿಂತರು. ತೋಟ ಗದ್ದೆ ಜಪ್ತಿಯಾದವು, ಪಾತ್ರೆ ಪಗಡಿ ಹೊರಗೆ ಬಂದವು, ಗಂಡಸರು ಜೈಲಿಗೆ ಹೋದರು. ಜಪ್ತಿಯಾದ ಆಸ್ತಿಯನ್ನು ಹರಾಜಿನಲ್ಲಿ ಕೊಂಡವರ ಮನೆ ಮುಂದೆ ಹೆಂಗಸರು ಉಪವಾಸ ಕೂತರು. ಮಾವಿನಗುಂಡಿಯ ಸ್ಮಾರಕ ಆ ತಾಯಂದಿರ ನೆನಪಿನದು. ನಮ್ಮನ್ನು ಕೇಳದೆ ನಮ್ಮಿಂದ ಹಣ ತೆಗೆದುಕೊಳ್ಳುವ ಅಧಿಕಾರ ಯಾರಿಗೂ ಇಲ್ಲ, ತೆಗೆದುಕೊಂಡರೆ ಅದರ ಲೆಕ್ಕ ಹೇಳಬೇಕು ಅನ್ನುವುದು ಆ ಚಳವಳಿಯ ತಿರುಳು. ಅಂಥ ನೆಲದಲ್ಲಿ ಹುಟ್ಟಿದ ಹುಡುಗನೇ ಮುಂದೆ ರಾಜ್ಯದ ತೆರಿಗೆ ಹಾಕುವ ಹಣಕಾಸು ಮಂತ್ರಿಯಾದದ್ದು ವಿಶೇಷ.

ಹೆಗಡೆಯವರ ಓದು ದೂರದ ಕಾಶಿ ವಿದ್ಯಾಪೀಠದಲ್ಲಿ, ಆಮೇಲೆ ಲಖನೌ ವಿಶ್ವವಿದ್ಯಾಲಯದಲ್ಲಿ ಕಾನೂನು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡರು. ಊರಿಗೆ ಮರಳಿದ ಮೇಲೆ ಜಿಲ್ಲಾ ಕಾಂಗ್ರೆಸ್ಸಿನ ಅಧ್ಯಕ್ಷರಾದರು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷ, ಅಂದರೆ 1957ರ ಚುನಾವಣೆಯಲ್ಲಿ ಗೆದ್ದು ಹೆಗಡೆಯವರು ಮೊದಲ ಬಾರಿಗೆ ವಿಧಾನಸಭೆ ಪ್ರವೇಶಿಸಿದರು. ಆಗ ಅವರಿಗೆ 31 ವರ್ಷವೂ ತುಂಬಿರಲಿಲ್ಲ.

ಖಜಾನೆಯ ಕೀಲಿಕೈ

ಉಪಮಂತ್ರಿಯಾಗಿ ಶುರುವಾದ ಅವರ ಆಡಳಿತದ ಅನುಭವ 1962ರಿಂದ 1971ರವರೆಗೆ ಎಸ್. ನಿಜಲಿಂಗಪ್ಪ ಮತ್ತು ವೀರೇಂದ್ರ ಪಾಟೀಲರ ಸಂಪುಟಗಳಲ್ಲಿ ಬೆಳೆಯಿತು. ಸಹಕಾರ, ಕೈಗಾರಿಕೆ, ಯೋಜನೆ, ಪಂಚಾಯತ ರಾಜ್, ಅಬಕಾರಿ, ಹಣಕಾಸು ಹೀಗೆ ಒಂದಲ್ಲ ಒಂದು ಖಾತೆ ಅವರ ಕೈಯಲ್ಲಿತ್ತು. ವೀರೇಂದ್ರ ಪಾಟೀಲ ಮತ್ತು ಹೆಗಡೆ ಇಬ್ಬರನ್ನೂ ನಿಜಲಿಂಗಪ್ಪನವರ ಲವ-ಕುಶ ಎಂದು ಜನ ಕರೆಯುತ್ತಿದ್ದರು.

ಸಹಕಾರ ಖಾತೆ ಮತ್ತು ಹಣಕಾಸು ಖಾತೆ ಎರಡನ್ನೂ ನೋಡಿದವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿಯುತ್ತದೆ. ಹಳ್ಳಿಯ ಸಂಘದ ಜಮಾ-ಖರ್ಚಿಗೂ ರಾಜ್ಯದ ಆಯವ್ಯಯಕ್ಕೂ ಅಳತೆಯಲ್ಲಿ ವ್ಯತ್ಯಾಸ, ಜಾತಿಯಲ್ಲಿ ಅಲ್ಲ. ಎರಡರಲ್ಲೂ ದುಡ್ಡು ಬೇರೆಯವರದು. ಎರಡರಲ್ಲೂ ಬರೆಯುವವನ ಕೈ ಒಂದು, ಕಟ್ಟುವವರ ಕೈ ಸಾವಿರ. ಎರಡರಲ್ಲೂ ವರ್ಷದ ಕೊನೆಗೆ ಅಢಾವೆ ಪತ್ರಿಕೆ ಸರಿಹೊಂದಿದರೆ ಸಾಲದು, ಯಾಕೆ ಖರ್ಚಾಯಿತು ಎಂದು ಹೇಳಲಿಕ್ಕೂ ಬರಬೇಕು.

ಮೊದಲ ಅವಧಿಯ ಬಜೆಟ್ಟುಗಳು ಮತ್ತು ಮುಂದೆ ಮುಖ್ಯಮಂತ್ರಿಯಾಗಿ ಹಣಕಾಸನ್ನೂ ತಮ್ಮಲ್ಲೇ ಇಟ್ಟುಕೊಂಡಾಗ ಮಂಡಿಸಿದವು ಸೇರಿ ಹೆಗಡೆಯವರು ಒಟ್ಟು 13 ಬಜೆಟ್ ಮಂಡಿಸಿದರು. ರಾಜ್ಯದಲ್ಲಿ ಅದು ಬಹುಕಾಲ ದಾಖಲೆಯಾಗಿತ್ತು. 2023ರ ಜುಲೈಯಲ್ಲಿ ಸಿದ್ದರಾಮಯ್ಯನವರು 14ನೇ ಬಜೆಟ್ ಮಂಡಿಸಿ ಅದನ್ನು ದಾಟಿದರು. ಅಡಿಕೆ ಸೀಮೆಯ ಒಬ್ಬರ ಹೆಸರಿನಲ್ಲಿ ಅಷ್ಟು ವರ್ಷ ಆ ದಾಖಲೆ ಉಳಿದಿತ್ತು ಅನ್ನುವುದು ನಮಗೆ ಹೆಮ್ಮೆಯೇ.

ವಿರೋಧದ ಸಾಲಿನಲ್ಲಿ

1969ರಲ್ಲಿ ಕಾಂಗ್ರೆಸ್ ಒಡೆಯಿತು. ಹೆಗಡೆಯವರು ಗುರುಗಳಾದ ನಿಜಲಿಂಗಪ್ಪನವರ ಜತೆ ಸಂಸ್ಥಾ ಕಾಂಗ್ರೆಸ್ಸಿನಲ್ಲೇ ಉಳಿದರು. ಅತ್ತ ಇಂದಿರಾ ಗಾಂಧಿಯವರ ಅಲೆ. 1971ರ ಮಾರ್ಚಿನಲ್ಲಿ ವೀರೇಂದ್ರ ಪಾಟೀಲರ ಸರ್ಕಾರ ಬಿದ್ದು ರಾಷ್ಟ್ರಪತಿ ಆಳ್ವಿಕೆ ಬಂತು. ಮರುವರ್ಷದ ಚುನಾವಣೆಯಲ್ಲಿ ಡಿ. ದೇವರಾಜ ಅರಸರು ಭಾರೀ ಬಹುಮತದಿಂದ ಮುಖ್ಯಮಂತ್ರಿಯಾದರು. ನಿನ್ನೆವರೆಗೆ ಖಜಾನೆಯ ಕೀಲಿಕೈ ಹಿಡಿದಿದ್ದವರು ಇವತ್ತು ಎದುರು ಸಾಲಿನಲ್ಲಿ. ವಿಧಾನಸಭೆಯಲ್ಲಿ ಎಚ್.ಡಿ. ದೇವೇಗೌಡರು ವಿರೋಧ ಪಕ್ಷದ ನಾಯಕರಾದರೆ ವಿಧಾನ ಪರಿಷತ್ತಿನಲ್ಲಿ ಆ ಹೊಣೆ ಹೆಗಡೆಯವರದಾಯಿತು.

ಇಲ್ಲಿ ನಮ್ಮ ಓದುಗರು ಒಂದು ವಿಷಯ ಗಮನಿಸಬೇಕು. ವಿಧಾನ ಪರಿಷತ್ತು ಮೇಲ್ಮನೆ. ಹೆಸರು ಮೇಲ್ಮನೆ ಆದರೂ ಹಣದ ವಿಷಯದಲ್ಲಿ ಅದಕ್ಕೆ ಬಲವಿಲ್ಲ. ಇಲಾಖೆಗಳ ಬೇಡಿಕೆಗಳಿಗೆ ಮತ ಹಾಕುವ ಹಕ್ಕು ವಿಧಾನಸಭೆಗೆ ಮಾತ್ರ. ಹಣಕಾಸು ಮಸೂದೆ ಪರಿಷತ್ತಿಗೆ ಬಂದರೆ 14 ದಿನದೊಳಗೆ ಸಲಹೆ ಸಮೇತ ವಾಪಸು ಕಳಿಸಬೇಕು. ಆ ಸಲಹೆಯನ್ನು ಕೆಳಮನೆ ಒಪ್ಪಲೂಬಹುದು, ಬಿಡಲೂಬಹುದು. 14 ದಿನ ದಾಟಿದರೆ ಮಸೂದೆ ಅಂಗೀಕಾರವಾದಂತೆಯೇ. ಸಂಸತ್ತಿನಲ್ಲಿ ರಾಜ್ಯಸಭೆಗೂ ಇದೇ ನಿಯಮ. ಹೆಗಡೆಯವರು ವಿರೋಧ ಪಕ್ಷದಲ್ಲಿ ಕಳೆದ ವರ್ಷಗಳು ಬಹುಪಾಲು ಈ ಎರಡು ಮೇಲ್ಮನೆಗಳಲ್ಲೇ ಕಳೆದವು. ಅಂದರೆ ಒಂದು ಪೈಸೆಯನ್ನೂ ತಡೆಯುವ ಅಧಿಕಾರ ಇಲ್ಲದ ಜಾಗದಲ್ಲಿ ಕೂತು ಪೈಸೆ ಪೈಸೆಗೂ ಲೆಕ್ಕ ಕೇಳುವ ಕೆಲಸ.

ಹಾಗಾದರೆ ಅದರಿಂದ ಏನು ಉಪಯೋಗ ಅಂತ ಯಾರಾದರೂ ಕೇಳಬಹುದು. ಉಪಯೋಗ ಇದೆ. ಮತ ಇಲ್ಲದಿದ್ದರೂ ಮೇಲ್ಮನೆಯ ಸದಸ್ಯನಿಗೆ ಪ್ರಶ್ನೆ ಕೇಳುವ ಹಕ್ಕಿದೆ. ಚುಕ್ಕೆ ಗುರುತಿನ ಪ್ರಶ್ನೆ ಹಾಕಿದರೆ ಮಂತ್ರಿ ಎದ್ದು ನಿಂತು ಉತ್ತರ ಹೇಳಬೇಕು, ಆ ಉತ್ತರದ ಮೇಲೆ ಉಪಪ್ರಶ್ನೆಗೂ ತಯಾರಿರಬೇಕು. ಚುಕ್ಕೆ ಇಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ. ಬಜೆಟ್ಟಿನ ಮೇಲಿನ ಸಾಮಾನ್ಯ ಚರ್ಚೆಯಲ್ಲಿ ಇಡೀ ಸರ್ಕಾರದ ಆದಾಯ ಖರ್ಚನ್ನು ಜಾಲಾಡಬಹುದು. ಮಹಾಲೇಖಪಾಲರ ಆಡಿಟ್ ವರದಿ ಎರಡೂ ಮನೆಗಳ ಮುಂದೆ ಬರಲೇಬೇಕು. ಒಮ್ಮೆ ಸದನದಲ್ಲಿ ಆಡಿದ ಮಾತು ಕಡತದಲ್ಲಿ ಉಳಿಯುತ್ತದೆ. ಹತ್ತು ವರ್ಷದ ನಂತರ ಯಾರು ಬೇಕಾದರೂ ಅದನ್ನು ತೆಗೆದು ನೋಡಬಹುದು.

ಹಾಗೆ ಕೇಳುವವನು ಸ್ವತಃ ಹಣಕಾಸು ಮಂತ್ರಿಯಾಗಿದ್ದವನಾದರೆ ಆ ಪ್ರಶ್ನೆಗೆ ತೂಕವೇ ಬೇರೆ. ಬಜೆಟ್ಟಿನಲ್ಲಿ ಒಂದು ಕಡೆ ದೊಡ್ಡದಾಗಿ ಘೋಷಣೆ ಮಾಡಿ ಇನ್ನೊಂದು ಕಡೆ ಹಣ ಕಡಿಮೆ ಇಡುವುದು, ವರ್ಷದ ಮಧ್ಯೆ ಪೂರಕ ಅಂದಾಜು ತಂದು ಖರ್ಚು ಏರಿಸುವುದು, ಮಾರ್ಚ್ ತಿಂಗಳು ಬಂದಾಗ ಉಳಿದ ಹಣವನ್ನು ಗಡಿಬಿಡಿಯಲ್ಲಿ ಮುಗಿಸುವುದು, ಸಾಲವನ್ನು ಆದಾಯದ ಹಾಗೆ ಕಾಣಿಸುವುದು ಇವೆಲ್ಲ ಯಾವ ಸರ್ಕಾರದಲ್ಲೂ ನಡೆಯುವ ಸಂಗತಿಗಳು. ಅಡುಗೆ ಮಾಡಿದವನಿಗೇ ಯಾವ ಡಬ್ಬಿಯಲ್ಲಿ ಏನಿದೆ ಅಂತ ಗೊತ್ತಿರುವುದು. ಹೆಗಡೆಯವರು ಆ ಅಡುಗೆಮನೆಯಿಂದಲೇ ಎದ್ದು ಬಂದವರು.

ಅವರ ರೀತಿಯನ್ನೂ ಹೇಳಬೇಕು. ಮೇಜು ಕುಟ್ಟುವುದು, ಕಾಗದ ಹರಿಯುವುದು ಅವರ ಸ್ವಭಾವದಲ್ಲಿ ಇರಲಿಲ್ಲ. ಆಗಿನ ಸದನದಲ್ಲಿ ಬೇರೆ ರೀತಿಯ ದೊಡ್ಡವರೂ ಇದ್ದರು. ನಮ್ಮ ನೆರೆಯ ಮಲೆನಾಡಿನ ಶಾಂತವೇರಿ ಗೋಪಾಲಗೌಡರು ಸಿಟ್ಟನ್ನೇ ಆಯುಧ ಮಾಡಿಕೊಂಡು ಬಡವರ ಮಾತನ್ನು ವಿಧಾನಸಭೆಗೆ ಕೇಳಿಸಿದವರು. ಹೆಗಡೆಯವರದು ಮೆತ್ತನೆಯ ದನಿ, ತೂಕದ ಮಾತು, ನಗುಮುಖ. ಎದುರಿನವನನ್ನು ನೋಯಿಸದೆ ಅವನ ಲೆಕ್ಕವನ್ನು ಮಾತ್ರ ಚುಚ್ಚುವ ಬಗೆ. ಎರಡೂ ದಾರಿಗಳು ಪ್ರಜಾಪ್ರಭುತ್ವಕ್ಕೆ ಬೇಕು.

ಇನ್ನೊಂದು ಮಾತು. ಅರಸರ ಸರ್ಕಾರ ಕೆಟ್ಟದ್ದಾಗಿತ್ತು ಅಂತ ಇದರ ಅರ್ಥವಲ್ಲ. 1974ರ ಭೂಸುಧಾರಣೆ ಎಷ್ಟೋ ಗೇಣಿದಾರ ಕುಟುಂಬಗಳಿಗೆ ಭೂಮಿಯ ಒಡೆತನ ಕೊಟ್ಟಿತು. ಅಂಥವರ ಮಕ್ಕಳು ಮೊಮ್ಮಕ್ಕಳು ಇವತ್ತು ನಮ್ಮ ಸಂಘದ ಸದಸ್ಯರಾಗಿ ಬೆಳೆಸಾಲ ಪಡೆಯುತ್ತಿದ್ದಾರೆ. ಆದರೆ ಒಳ್ಳೆಯ ಕೆಲಸ ಮಾಡುವ ಸರ್ಕಾರಕ್ಕೂ ಎದುರಿಗೆ ಕೂತು ಲೆಕ್ಕ ಕೇಳುವವರು ಬೇಕು. ಕೆಲಸ ಒಳ್ಳೆಯದು ಅನ್ನುವುದು ಖರ್ಚಿನ ಚೀಟಿಗೆ ಬದಲಿ ಆಗುವುದಿಲ್ಲ.

1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂತು. ಹೆಗಡೆಯವರನ್ನು ಬಂಧಿಸಿದರು. ಆ ವರ್ಷದ ಸಂಸತ್ ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟರು. ಕೇಳುವವರು ಜೈಲಿನಲ್ಲಿ, ಕೇಳುವ ವೇಳೆಯೇ ಇಲ್ಲ, ಬರೆಯುವ ಪತ್ರಿಕೆಗಳಿಗೆ ಸೆನ್ಸಾರು. ಲೆಕ್ಕ ಕೇಳುವ ಹಕ್ಕು ಎಷ್ಟು ದೊಡ್ಡದು ಎಂದು ದೇಶಕ್ಕೆ ಅರ್ಥವಾದದ್ದು ಅದು ಇಲ್ಲವಾದ ಆ 21 ತಿಂಗಳಲ್ಲಿ.

1977ರಲ್ಲಿ ಜನತಾ ಪಕ್ಷ ಹುಟ್ಟಿತು, ದೆಹಲಿಯಲ್ಲಿ ಅಧಿಕಾರಕ್ಕೆ ಬಂತು. ಹೆಗಡೆಯವರು ಪಕ್ಷದ ಪ್ರಧಾನ ಕಾರ್ಯದರ್ಶಿಯಾದರು, 1978ರಲ್ಲಿ ರಾಜ್ಯಸಭೆಗೆ ಹೋದರು. ಆದರೆ ಮನೆಯೊಳಗಿನ ಜಗಳದಿಂದ ಆ ಸರ್ಕಾರ 1979ರಲ್ಲಿ ಕುಸಿಯಿತು. 1980ರ ಜನವರಿಯಲ್ಲಿ ಇಂದಿರಾ ಗಾಂಧಿಯವರು ಮರಳಿ ಬಂದರು. ಹೆಗಡೆಯವರಿಗೆ ಮತ್ತೆ ವಿರೋಧದ ಸಾಲು, ಮತ್ತೆ ಮೇಲ್ಮನೆ. ಈ ಸಲ ರಾಜ್ಯದ ಬದಲು ದೇಶದ ಲೆಕ್ಕ.

ಅದೇ ಹೊತ್ತಿನಲ್ಲಿ ಇತ್ತ ನಮ್ಮ ಸೀಮೆಯಲ್ಲೂ ಲೆಕ್ಕ ಕೇಳುವ ಒಂದು ದೊಡ್ಡ ಕೆಲಸ ನಡೆಯಿತು. ಯಲ್ಲಾಪುರದ ಮಾಗೋಡ ಬಳಿ ಬೇಡ್ತಿ ನದಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆ ಆಗ ಸರ್ಕಾರದ ಮುಂದಿತ್ತು. ತೋಟಗಳು, ಕಾಡು ಮುಳುಗುತ್ತವೆ ಎಂದು ಜನ ವಿರೋಧಿಸಿದರು. ಬರೀ ಘೋಷಣೆ ಕೂಗಲಿಲ್ಲ. 1923ರಲ್ಲಿ ಶಿರಸಿಯಲ್ಲಿ ಶುರುವಾದ ತೋಟಗಾರರ ಸಹಕಾರಿ ಮಾರಾಟ ಸಂಘದ ಆಶ್ರಯದಲ್ಲಿ 1981ರಲ್ಲಿ ವಿಜ್ಞಾನಿಗಳನ್ನೂ ತಜ್ಞರನ್ನೂ ಕರೆಸಿ, ಯೋಜನೆಯಿಂದ ಬರುವ ಲಾಭ ಎಷ್ಟು, ಹೋಗುವುದು ಎಷ್ಟು ಎಂದು ಲೆಕ್ಕ ಹಾಕಿಸಿದರು. ಆ ಯೋಜನೆ ಮುಂದೆ ಸಾಗಲಿಲ್ಲ. ಅಡಿಕೆ ಮಾರುವ ಒಂದು ಸಹಕಾರಿ ಸಂಘ ಸರ್ಕಾರದ ಖರ್ಚಿಗೆ ಆಡಿಟ್ ಮಾಡಿದ ಹಾಗಾಯಿತು ಇದು. ಸದನದಲ್ಲಿ ಮಾತ್ರ ವಿರೋಧ ಪಕ್ಷ ಇರುವುದು ಅಂತ ತಿಳಿಯಬಾರದು.

ಕೇಳಿದ್ದನ್ನು ಮಾಡಿ ತೋರಿಸುವ ಸರದಿ

1983ರ ಜನವರಿಯ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ ಸೋತಿತು. ಜನತಾ ಪಕ್ಷಕ್ಕೂ ಬಹುಮತ ಇರಲಿಲ್ಲ. ಬಿಜೆಪಿ, ಎಡಪಕ್ಷಗಳು ಹೊರಗಿನಿಂದ ಬೆಂಬಲ ಕೊಟ್ಟವು. ಯಾರನ್ನು ನಾಯಕರನ್ನಾಗಿ ಮಾಡುವುದು ಎಂಬ ಹಗ್ಗಜಗ್ಗಾಟದಲ್ಲಿ ರಾಜ್ಯಸಭೆಯಲ್ಲಿದ್ದ ಹೆಗಡೆಯವರ ಹೆಸರು ಬಂತು. ಜನವರಿ 10ರಂದು ಅವರು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು.

ಅವರು ಮಾಡಿದ ಕೆಲಸಗಳಲ್ಲಿ ಮೂರನ್ನು ಇಲ್ಲಿ ಹೇಳುತ್ತೇವೆ. ಮೂರೂ ಸಾರ್ವಜನಿಕ ಹಣಕ್ಕೆ ಸಂಬಂಧಪಟ್ಟವು.

ಒಂದನೆಯದು, ದೆಹಲಿಯಿಂದ ಲೆಕ್ಕ ಕೇಳಿದ್ದು. 1983ರ ಮಾರ್ಚಿನಲ್ಲಿ ದಕ್ಷಿಣದ ಮುಖ್ಯಮಂತ್ರಿಗಳನ್ನು ಬೆಂಗಳೂರಿಗೆ ಕರೆದು ಕೇಂದ್ರ ಮತ್ತು ರಾಜ್ಯಗಳ ನಡುವೆ ಅಧಿಕಾರ, ಹಣ ಹೇಗೆ ಹಂಚಿಕೆಯಾಗಬೇಕು ಎಂದು ಚರ್ಚೆ ಎತ್ತಿದರು. ಅದೇ ತಿಂಗಳು ಕೇಂದ್ರ ಸರ್ಕಾರ ಈ ವಿಷಯಕ್ಕೆ ಆಯೋಗ ನೇಮಿಸುವುದಾಗಿ ಪ್ರಕಟಿಸಿತು. ಅದೇ ಸರ್ಕಾರಿಯಾ ಆಯೋಗ.

ಎರಡನೆಯದು, ದೆಹಲಿಯಿಂದ ತಾವು ಕೇಳಿದ್ದನ್ನು ಹಳ್ಳಿಗೆ ತಾವು ಕೊಟ್ಟದ್ದು. 1983ರ ಪಂಚಾಯತ ರಾಜ್ ಕಾಯ್ದೆಯಿಂದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಗಳು ಬಂದವು. ಇದಕ್ಕೆ ಬೆನ್ನೆಲುಬಾಗಿ ನಿಂತವರು ಮಂತ್ರಿ ಅಬ್ದುಲ್ ನಜೀರ್‌ಸಾಬ್. ಊರೂರಿಗೆ ಕೊಳವೆಬಾವಿ ಕೊರೆಸಿ ನೀರ್‌ಸಾಬ್ ಅಂತಲೇ ಹೆಸರಾದವರು. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಶೇಕಡಾ 25ರಷ್ಟು ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. ಬೆಂಗಳೂರಿನಲ್ಲಿ ಮಂತ್ರಿ ಸಹಿ ಹಾಕುತ್ತಿದ್ದ ಶಾಲೆ, ಆಸ್ಪತ್ರೆ, ರಸ್ತೆ, ಕುಡಿಯುವ ನೀರಿನ ಹಣ ಜಿಲ್ಲೆಗೆ ಇಳಿಯಿತು. ಇಡೀ ದೇಶಕ್ಕೆ ಪಂಚಾಯತ ರಾಜ್ ಕೊಟ್ಟ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ಅದಕ್ಕೂ ಮೊದಲೇ ಇಲ್ಲಿ ಇದು ನಡೆದಿತ್ತು. ಹಣ ಹತ್ತಿರ ಬಂದರೆ ಲೆಕ್ಕ ಕೇಳುವವರೂ ಹತ್ತಿರ ಬರುತ್ತಾರೆ. ಬೆಂಗಳೂರಿನ ಕಡತ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಊರಿನ ಮೋರಿ ಕಟ್ಟಿದ್ದು ಸರಿಯೋ ತಪ್ಪೋ ಎಂಬುದು ದನ ಹೊಡೆದುಕೊಂಡು ಹೋಗುವವನಿಗೂ ಕಾಣುತ್ತದೆ.

ಮೂರನೆಯದು ಲೋಕಾಯುಕ್ತ. 1984ರ ಕಾಯ್ದೆ, 1986ರ ಜನವರಿಯಲ್ಲಿ ಜಾರಿಗೆ ಬಂತು. ಮಂತ್ರಿ, ಅಧಿಕಾರಿಗಳ ಮೇಲೆ ದೂರು ಬಂದರೆ ವಿಚಾರಿಸಲು ಸರ್ಕಾರದ ಕೈಕೆಳಗೆ ಇಲ್ಲದ ಒಂದು ಸಂಸ್ಥೆ. ಅಧಿಕಾರದಲ್ಲಿದ್ದವರೇ ತಮ್ಮ ಮೇಲೆ ತನಿಖೆ ಮಾಡುವವರನ್ನು ಕೂರಿಸಿಕೊಂಡದ್ದು ಸಣ್ಣ ಸಂಗತಿಯಲ್ಲ.

ಹಾಗಂತ ಸ್ವಂತ ಊರಿನವರೇ ಅವರನ್ನು ಪ್ರಶ್ನೆ ಮಾಡದೆ ಬಿಡಲಿಲ್ಲ. ಅವರು ಮುಖ್ಯಮಂತ್ರಿಯಾದ ವರ್ಷವೇ, 1983ರ ಸೆಪ್ಟೆಂಬರಿನಲ್ಲಿ, ಶಿರಸಿ ತಾಲೂಕಿನ ಸಾಲ್ಕಣಿಯ ಕಾಡಿನಲ್ಲಿ ಜನ ಮರಗಳನ್ನು ಅಪ್ಪಿಕೊಂಡು ಕಡಿತ ನಿಲ್ಲಿಸಿದರು. ಅಪ್ಪಿಕೋ ಚಳವಳಿ ಎಂದು ಅದು ದೇಶಕ್ಕೆಲ್ಲ ಗೊತ್ತಾಯಿತು. ನಮ್ಮವನೇ ಮುಖ್ಯಮಂತ್ರಿ, ಸುಮ್ಮನಿರೋಣ ಎಂದು ಯಾರೂ ಸುಮ್ಮನಿರಲಿಲ್ಲ.

ಲೆಕ್ಕ ಕೊಡುವ ಸರದಿ

ಈಗ ಕಷ್ಟದ ಭಾಗ. ಅಭಿಮಾನದಿಂದ ಬರೆಯುವಾಗ ಇದನ್ನು ಹಾರಿಸಿ ಮುಂದೆ ಹೋಗುವುದು ಸುಲಭ. ಆದರೆ ಲೆಕ್ಕದ ಬಗ್ಗೆ ಬರೆಯುವ ಲೇಖನದಲ್ಲಿ ಖರ್ಚಿನ ಬಾಬು ಬಿಟ್ಟು ಜಮಾ ಮಾತ್ರ ತೋರಿಸಿದರೆ ಅದು ಹೆಗಡೆಯವರಿಗೇ ಒಪ್ಪಿಗೆಯಾಗುವ ಮಾತಲ್ಲ.

1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ ಸಿಕ್ಕಿದ್ದು 4 ಮಾತ್ರ. ಜನರ ವಿಶ್ವಾಸ ಕಳೆದುಕೊಂಡಿದ್ದೇವೆ ಎಂದು ಹೆಗಡೆಯವರು ತಾವಾಗಿ ರಾಜೀನಾಮೆ ಕೊಟ್ಟು ಹೊಸ ಚುನಾವಣೆ ಬಯಸಿದರು. 1985ರ ಮಾರ್ಚಿನಲ್ಲಿ ಜನ 224ರಲ್ಲಿ 139 ಸ್ಥಾನ ಕೊಟ್ಟು ಕಳಿಸಿದರು. ಮೌಲ್ಯಾಧಾರಿತ ರಾಜಕಾರಣ ಎಂಬ ಮಾತು ಅವರ ಹೆಸರಿನ ಜತೆ ಸೇರಿಕೊಂಡಿತು.

ಮರುವರ್ಷವೇ ಪರೀಕ್ಷೆ ಬಂತು. ಸಾರಾಯಿ ಬಾಟಲಿ ತುಂಬುವ ಗುತ್ತಿಗೆಯನ್ನು ಸರ್ಕಾರ ಕೊಟ್ಟ ರೀತಿಯನ್ನು 1986ರ ಫೆಬ್ರವರಿಯಲ್ಲಿ ಹೈಕೋರ್ಟು ಟೀಕಿಸಿತು. ಹೆಗಡೆಯವರು ರಾಜೀನಾಮೆ ಕೊಟ್ಟರು, ಪಕ್ಷದವರ ಒತ್ತಾಯ ಬಂದು ಮೂರು ದಿನಕ್ಕೆ ಹಿಂತೆಗೆದುಕೊಂಡರು. ಕೊಟ್ಟದ್ದನ್ನು ಮೆಚ್ಚಿದವರೂ ಇದ್ದರು, ಹಿಂತೆಗೆದುಕೊಂಡದ್ದನ್ನು ಆಡಿಕೊಂಡವರೂ ಇದ್ದರು. 1988ರಲ್ಲಿ ರಾಜಕಾರಣಿಗಳ ದೂರವಾಣಿ ಕದ್ದಾಲಿಕೆಯ ವಿಷಯ ಹೊರಬಿತ್ತು. ಆಗಸ್ಟ್ 10ರಂದು ಅವರು ಅಧಿಕಾರ ಬಿಟ್ಟರು, ಈ ಸಲ ಮರಳಲಿಲ್ಲ. ಬೆಂಗಳೂರಿನ ಹತ್ತಿರದ ಜಮೀನು ವ್ಯವಹಾರದ ಬಗ್ಗೆಯೂ ಆರೋಪ ಬಂದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗ ವಿಚಾರಣೆ ನಡೆಸಿತು. 1989ರ ಕೊನೆಗೆ ವಿ.ಪಿ. ಸಿಂಗ್ ಸರ್ಕಾರದಲ್ಲಿ ಯೋಜನಾ ಆಯೋಗದ ಉಪಾಧ್ಯಕ್ಷರಾಗಿದ್ದ ಹೆಗಡೆಯವರು 1990ರಲ್ಲಿ ಆ ಸ್ಥಾನವನ್ನೂ ಬಿಟ್ಟರು.

1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ನಿಂತು ಸೋತರು. ಅವರನ್ನು ಸೋಲಿಸಿದವರು ಸಿದ್ದು ನ್ಯಾಮಗೌಡರು, ಕೃಷ್ಣಾ ನದಿಗೆ ಚಿಕ್ಕಪಡಸಲಗಿಯಲ್ಲಿ ಸರ್ಕಾರಕ್ಕೆ ಕಾಯದೆ ರೈತರ ವಂತಿಗೆ ಮತ್ತು ಶ್ರಮದಿಂದ ಬ್ಯಾರೇಜು ಕಟ್ಟಿಸಿದವರು. ದೊಡ್ಡ ಹೆಸರಿನ ಮುಂದೆ ಕಣ್ಣಿಗೆ ಕಾಣುವ ಕೆಲಸ ಗೆದ್ದಿತು.

ಈ ಎಲ್ಲ ಪ್ರಸಂಗಗಳಲ್ಲಿ ಹೆಗಡೆಯವರ ತಪ್ಪೆಷ್ಟು, ಎದುರಾಳಿಗಳ ಕೈವಾಡ ಎಷ್ಟು ಎಂದು ನಮ್ಮ ಕಟ್ಟೆಗಳಲ್ಲಿ ಇವತ್ತಿಗೂ ವಾದ ಮುಗಿದಿಲ್ಲ. ನಾವು ತೀರ್ಪು ಕೊಡುವವರಲ್ಲ. ಆದರೆ ಒಂದಂತೂ ನಿಜ. ಎದುರು ಸಾಲಿನಲ್ಲಿ ಕೂತು ಅವರು ಯಾವ ಪ್ರಶ್ನೆಗಳನ್ನು ಕೇಳುತ್ತಿದ್ದರೋ ಅದೇ ಪ್ರಶ್ನೆಗಳು ಅವರ ಬಾಗಿಲಿಗೂ ಬಂದವು. ಬಂದಾಗ ಕುರ್ಚಿ ಹಿಡಿದು ಕೂರಲಿಲ್ಲ, ಎದ್ದು ನಿಂತರು. ಇವತ್ತಿನ ದಿನಮಾನದಲ್ಲಿ ಅದು ದೊಡ್ಡದಾಗಿಯೇ ಕಾಣುತ್ತದೆ.

ವಾಣಿಜ್ಯ ಖಾತೆ ಮತ್ತು ನಮ್ಮ ಅಡಿಕೆ

1996ರಲ್ಲಿ ಅವರು ಮತ್ತೆ ರಾಜ್ಯಸಭೆಗೆ ಬಂದರು. ಅದೇ ವರ್ಷ, ದೇವೇಗೌಡರು ಪ್ರಧಾನಿಯಾದಾಗ, ಜನತಾದಳ ಹೆಗಡೆಯವರನ್ನು ಉಚ್ಚಾಟಿಸಿತು. ಲೋಕಶಕ್ತಿ ಎಂಬ ಪಕ್ಷ ಕಟ್ಟಿದರು. ಬಿಜೆಪಿ ಜತೆ ಸೇರಿ, 1998ರ ಮಾರ್ಚಿನಲ್ಲಿ ವಾಜಪೇಯಿಯವರ ಸರ್ಕಾರದಲ್ಲಿ ವಾಣಿಜ್ಯ ಮಂತ್ರಿಯಾದರು.

ಇಲ್ಲಿ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರಿಗೆ ಹತ್ತಿರದ ಒಂದು ಸಂಗತಿ ಇದೆ. ಅವರು ವಾಣಿಜ್ಯ ಮಂತ್ರಿಯಾಗಿದ್ದಾಗ, 1998ರ ಡಿಸೆಂಬರ್ 28ರಂದು, ಭಾರತ ಮತ್ತು ಶ್ರೀಲಂಕಾ ನಡುವೆ ಮುಕ್ತ ವ್ಯಾಪಾರ ಒಪ್ಪಂದವಾಯಿತು. 2000ದಲ್ಲಿ ಅದು ಜಾರಿಗೆ ಬಂತು. ನೆರೆಹೊರೆಯ ದೇಶಗಳ ಜತೆ ವ್ಯಾಪಾರ ಬೆಳೆಯಲಿ ಎಂಬ ಉದ್ದೇಶ ಅದರದು, ಇಲ್ಲಿನ ಉದ್ದಿಮೆಗಳಿಗೆ ಅದರಿಂದ ಲಾಭವೂ ಆಗಿದೆ. ಆದರೆ ಅದೇ ಬಾಗಿಲಿನಿಂದ ಕಾಳುಮೆಣಸು, ಅಡಿಕೆ ಒಳಗೆ ಬರುತ್ತದೆ, ಬೇರೆ ದೇಶದ ಮಾಲೂ ಶ್ರೀಲಂಕಾದ ಹೆಸರಿನಲ್ಲಿ ಬರುತ್ತದೆ ಎಂಬುದು ಬೆಳೆಗಾರರ ಬಹುಕಾಲದ ದೂರು.

ನಮ್ಮ ಸಂಘ ಶುರುವಾದ ಕಾಲ ಹಿರಿಯ ಸದಸ್ಯರಿಗೆ ನೆನಪಿರಬೇಕು. ಏರಿದ್ದ ಅಡಿಕೆ ಧಾರಣೆ 2000ದ ನಂತರ ಕುಸಿಯಿತು. ವಖಾರಿಯಲ್ಲಿ ಚಾಲಿ ಇಟ್ಟು ಕಾದವರು ಕಾದೇ ಕಾದರು, ಸಾಲದ ಕಂತು ಬಾಕಿಯಾಯಿತು. ಇದಕ್ಕೆಲ್ಲ ಒಂದೇ ಒಪ್ಪಂದವನ್ನು ಹೊಣೆ ಮಾಡುವುದು ಸರಿಯಲ್ಲ. ಬಯಲುಸೀಮೆಯಲ್ಲಿ ಅಡಿಕೆ ತೋಟ ಹಬ್ಬಿತ್ತು, ಮಹಾರಾಷ್ಟ್ರದಂಥ ರಾಜ್ಯಗಳು 2002ರಲ್ಲಿ ಗುಟ್ಕಾ ನಿಷೇಧಿಸಿದವು, ಹೊರದೇಶದ ಮಾಲಿನ ಮೇಲಿದ್ದ ಪ್ರಮಾಣ ನಿರ್ಬಂಧಗಳು 2001ರ ಹೊತ್ತಿಗೆ ತೆರವಾದವು. ಹಲವು ಕೈ ಸೇರಿ ಇಳಿಸಿದ ಧಾರಣೆ ಅದು. ಆಮೇಲೆ ಬೆಳೆಗಾರರ ಸಂಘಟನೆಗಳು ಬಿಡದೆ ಕೇಳಿದ್ದರಿಂದ ಆಮದಿಗೆ ಕನಿಷ್ಠ ಬೆಲೆ ಕಟ್ಟುವ ಕ್ರಮ ಬಂತು. ಕಾಳುಮೆಣಸಿಗೆ 2017ರಲ್ಲಿ ಕಿಲೋಗೆ 500 ರೂಪಾಯಿ ಎಂದಾಯಿತು. ಅಡಿಕೆಗೆ 251 ರೂಪಾಯಿ ಇದ್ದದ್ದು 2023ರ ಫೆಬ್ರವರಿಯಲ್ಲಿ 351ಕ್ಕೆ ಏರಿತು. 2019ರಲ್ಲಿ ಶಿರಸಿ ಸುಪಾರಿಗೆ ಭೌಗೋಳಿಕ ಗುರುತು ಸಿಕ್ಕಿತು. ಆ ಹೆಸರು ನಮ್ಮ ಈ ಮೂರು ತಾಲೂಕುಗಳ ಅಡಿಕೆಗೇ ಸೇರಿದ್ದು.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳಿದೆವು ಅಂದರೆ, ನಮ್ಮವರು ಮಂತ್ರಿಯಾದ ಮಾತ್ರಕ್ಕೆ ನಮ್ಮ ತೋಟಕ್ಕೆ ಬೇಲಿ ತಾನಾಗಿ ಬೀಳುವುದಿಲ್ಲ. ದೇಶದ ಗಾದಿಯಲ್ಲಿ ಕೂತವನು ದೇಶದ ಲೆಕ್ಕ ನೋಡುತ್ತಾನೆ, ನೋಡಲೂ ಬೇಕು. ನಮ್ಮ ಲೆಕ್ಕವನ್ನು ನಾವೇ ಎದ್ದು ನಿಂತು ಕೇಳಬೇಕು. ಸಹಕಾರಿ ಸಂಘಗಳು ಹುಟ್ಟಿದ್ದೇ ಅದಕ್ಕೆ. ಒಬ್ಬೊಬ್ಬನೇ ಹೋದರೆ ದಲಾಲಿಯೂ ಕೇಳುವುದಿಲ್ಲ, ದೆಹಲಿಯೂ ಕೇಳುವುದಿಲ್ಲ.

ಹೆಗಡೆಯವರ ಮಂತ್ರಿಗಿರಿ 1999ರ ಅಕ್ಟೋಬರಿನಲ್ಲಿ ಮುಗಿಯಿತು. 2002ರವರೆಗೆ ರಾಜ್ಯಸಭೆಯಲ್ಲಿದ್ದರು. ಆರೋಗ್ಯ ಕೆಟ್ಟಿತ್ತು. 2004ರ ಜನವರಿ 12ರಂದು ಬೆಂಗಳೂರಿನಲ್ಲಿ ತೀರಿಕೊಂಡರು. 77 ವರ್ಷದ ಬದುಕು.

ನಮ್ಮ ಸಂಘಕ್ಕೆ ಇದರಿಂದ ಏನು

ನಮ್ಮ ಊರುಗಳಲ್ಲಿ ಒಂದು ಅಭ್ಯಾಸ ಇದೆ. ವಾರ್ಷಿಕ ಸರ್ವಸಾಧಾರಣ ಸಭೆಯಲ್ಲಿ ಅಢಾವೆ ಪತ್ರಿಕೆ ಓದಿ ಮುಗಿಸುವ ಹೊತ್ತಿಗೆ ಊಟದ ಎಲೆ ಹಾಕುವ ಸಪ್ಪಳ ಕೇಳುತ್ತದೆ. ಆಗ ಒಬ್ಬ ಸದಸ್ಯ ಎದ್ದು ವಸೂಲಾಗದ ಸಾಲ ಎಷ್ಟು, ಯಾರ್ಯಾರದು ಎಷ್ಟು ವರ್ಷದ್ದು, ಕಟ್ಟಡದ ಖರ್ಚು ಅಂದಾಜಿಗಿಂತ ಯಾಕೆ ಏರಿತು ಎಂದು ಕೇಳಿದರೆ ಉಳಿದವರು ಮುಖ ಸಿಂಡರಿಸುತ್ತಾರೆ. ಅವನಿಗೆ ಮುಂದಿನ ಸಲ ನಿರ್ದೇಶಕನಾಗುವ ಆಸೆ ಅಂತಲೋ, ಅಧ್ಯಕ್ಷರ ಮೇಲೆ ಹಳೆಯ ದ್ವೇಷ ಅಂತಲೋ ಮಾತು ಹುಟ್ಟುತ್ತದೆ. ಕೇಳಿದವನು ಮರುವರ್ಷ ಸುಮ್ಮನಾಗುತ್ತಾನೆ. ಒಂದು ಸಂಘ ಹಾಳಾಗುವುದು ಕಳ್ಳತನದಿಂದಲೇ ಅಲ್ಲ, ಹಾಗೆ ಸುಮ್ಮನಾದವರಿಂದಲೂ ಹೌದು. ಠೇವಣಿ ಇಟ್ಟವರು ಬಾಗಿಲು ಮುಚ್ಚಿದ ಸಂಘದ ಮುಂದೆ ನಿಂತ ಸುದ್ದಿಯನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ. ಮುಚ್ಚುವುದಕ್ಕೆ ಎಷ್ಟೋ ವರ್ಷ ಮೊದಲು ಅಲ್ಲಿ ಪ್ರಶ್ನೆ ಕೇಳುವವರು ಮುಗಿದಿರುತ್ತಾರೆ.

ಹೆಗಡೆಯವರ ಬದುಕು ನಮಗೆ ತೋರಿಸುವುದು ಇಷ್ಟು. ತಡೆಯುವ ಅಧಿಕಾರ ಇಲ್ಲದಿದ್ದರೂ ಕೇಳುವವನ ಕೆಲಸ ವ್ಯರ್ಥವಲ್ಲ. ಕೇಳುವವನು ಲೆಕ್ಕ ಓದಿಕೊಂಡು ಬರಬೇಕು, ದನಿ ಏರಿಸದೆ ಕೇಳಬೇಕು. ನಾಳೆ ತಾನೇ ಆ ಜಾಗಕ್ಕೆ ಹೋದರೆ ಅದೇ ಪ್ರಶ್ನೆಗೆ ಉತ್ತರ ಕೊಡಲು ತಯಾರಿರಬೇಕು. ಅಧಿಕಾರದಲ್ಲಿದ್ದವರು ಕೇಳುವವನನ್ನು ವೈರಿ ಅಂತ ತಿಳಿಯಬಾರದು, ಅವನು ಪಗಾರವಿಲ್ಲದೆ ದುಡಿಯುವ ಆಡಿಟರು.

ಈ ರಜತ ಮಹೋತ್ಸವದ ವರ್ಷದಲ್ಲಿ ನಮ್ಮ ವಿನಂತಿ ಒಂದೇ. ಮುಂದಿನ ವಾರ್ಷಿಕ ಸಭೆಯ ನೋಟೀಸಿನ ಜತೆ ಬರುವ ವರದಿಯನ್ನು ಸದಸ್ಯರು ಮನೆಯಲ್ಲಿ ಒಮ್ಮೆ ಓದಿ ಬನ್ನಿ. ತಿಳಿಯದ ಬಾಬಿಗೆ ಪೆನ್ಸಿಲಿನಿಂದ ಗುರುತು ಹಾಕಿ. ಸಭೆಯಲ್ಲಿ ಎದ್ದು ಕೇಳಿ. ಉತ್ತರ ಕೊಡುವವರು ಸಮಾಧಾನದಿಂದ ಕೊಡಲಿ. ಊಟ ಅರ್ಧ ಗಂಟೆ ತಡವಾದರೂ ಪರವಾಗಿಲ್ಲ.

ದೊಡ್ಮನೆಯ ಈ ಹಿರಿಯರಿಗೆ ಸಂಘದ ಎಲ್ಲ ಸದಸ್ಯರ ಪರವಾಗಿ ನಮ್ಮ ನಮನಗಳು.